ಕಾಲೆತ್ತುವ ತನಕ

ಹೋಬರ್ಟ್ ಕಾಲೆತ್ತುತ್ತಿಲ್ಲ. ಬೇಕೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ಮಗಳು ಒರ್ಲೀನಾಗೆ ಖಾತ್ರಿಯಾಗಿತ್ತು.

ಹೊರಗೆ ಅವಳ ಹುಡುಗ ಡೆಂಜಿಲ್‌ನ ಕಾರು ಎಂಜಿನ್ ಆರಿಸದೆ ನಿಂತಿತ್ತು. ಒಳಗೆ, ಶಾಲೆಯ ಹಾಲ್‌ನಲ್ಲಿ, ಊರಿಗೆ ಊರೇ ಜೋಡಿಜೋಡಿಯಾಗಿ ಕುಣಿಯುತ್ತಿತ್ತು. ವೇದಿಕೆಯ ಮೇಲೆ ಮೂವರು: ಅಪ್ಪನ ಪಿಟೀಲು, ಸೋದರಮಾವ ಎಸ್ಟಿಲ್‌ನ ಬ್ಯಾಂಜೊ, ಅವಳ ಗಿಟಾರ್. ಕೆಂಟಕಿಯ ಆ ಬೆಟ್ಟಗಳಲ್ಲಿ ಮಟ್ಟು ಶುರು ಮಾಡುವವನು ಪಿಟೀಲಿನವನು, ಮುಗಿಸುವವನೂ ಅವನೇ. ಸಾಕೆನಿಸಿದಾಗ ಕೂತಲ್ಲೇ ಬಲಗಾಲನ್ನು ಮುಂದಕ್ಕೆ ಎತ್ತುತ್ತಾನೆ. ಕೊನೆಯದೊಂದು ಸುತ್ತು ಬಾರಿಸಿ ಎಲ್ಲರೂ ನಿಲ್ಲಿಸುತ್ತಾರೆ. ಕಾಲು ಏಳುವ ಮೊದಲೇ ವಾದ್ಯ ಕೆಳಗಿಟ್ಟವರನ್ನು ಮತ್ತೆ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ.

ಮಧ್ಯಾಹ್ನ ಮೆಕ್ಕೆಜೋಳದ ರೊಟ್ಟಿ ಮುರಿಯುತ್ತ ಅವಳು ಧೈರ್ಯ ಮಾಡಿ ಹೇಳಿಬಿಟ್ಟಿದ್ದಳು.

"ಅಪ್ಪಾ, ಡೆಂಜಿಲ್‌ಗೆ ಡೇಟನ್‌ನಲ್ಲಿ ಫ್ಯಾಕ್ಟರಿ ಕೆಲ್ಸ ಸಿಕ್ಕಿದೆ. ಇವತ್ತೇ ಹೊರಡ್ತಾನೆ. ನಾನೂ ಹೋಗ್ತೀನಿ. ಅಲ್ಲೇ ಮದ್ವೆ."

ಹೋಬರ್ಟ್ ತಟ್ಟೆ ಪಕ್ಕಕ್ಕೆ ಸರಿಸಿದ. "ಮೊದಲ್ನೇ ಕುಣಿತಕ್ಕೆ ಬಾರಿಸ್ಕೊಟ್ಟು ಹೋಗು. ನಾನು ಕಾಲೆತ್ತಿದ್ಮೇಲೆ ನಿನ್ನನ್ನ ಯಾರೂ ಹಿಡ್ಕೊಳ್ಳಲ್ಲ."

ನಂಬಿಬಿಟ್ಟಳು, ಹುಚ್ಚಿ. ಅಮ್ಮ ಸತ್ತ ಮೇಲೆ ಗಿಟಾರೂ ಅಡುಗೆಮನೆಯೂ ಒಟ್ಟಿಗೆ ಅವಳ ಕೊರಳಿಗೆ ಬಿದ್ದಿದ್ದವು. ಬಿಟ್ಟಿ ಆಳನ್ನು ಯಾರಾದರೂ ಸುಮ್ಮನೆ ಕಳಿಸುತ್ತಾರೆಯೇ?

ಡೆಂಜಿಲ್ ಮೊದಲೇ ಹೇಳಿದ್ದ: "ಮೂರು ಸಲ ಹಾರ್ನ್ ಹೊಡೀತೀನಿ. ಬರ್ಲಿಲ್ಲ ಅಂದ್ರೆ ನಿನಗೆ ಮನಸ್ಸಿಲ್ಲ ಅಂದ್ಕೊಂಡು ಹೋಗ್ತೀನಿ."

ಮಟ್ಟು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇತ್ತು. ಕುಣಿಯುವವರು ಏದುಸಿರು ಬಿಡುತ್ತಿದ್ದರು. ಎಸ್ಟಿಲ್ ಅವಳತ್ತ ಬಾಗಿದ.

"ನಿಮ್ಮಪ್ಪಂಗೇನು ದೆವ್ವ ಹಿಡಿದಿದ್ಯೇನೇ? ನನ್ನ ಬೆರಳು ಸವೆದು ಹೋಯ್ತು!"

"ದೆವ್ವ ಅಲ್ಲ ಮಾವ, ಹಠ."

ಮೊದಲನೆಯ ಹಾರ್ನ್.

ಒರ್ಲೀನಾ ಅಪ್ಪನನ್ನು ದುರುಗುಟ್ಟಿ ನೋಡಿದಳು. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನು ಅವಳನ್ನು ನೋಡಿದ, ತನ್ನ ಬೂಟನ್ನು ನೋಡಿದ, ಮತ್ತೆ ಅವಳನ್ನೇ ನೋಡಿದ. ಎತ್ತಲ್ಲ, ಏನು ಮಾಡ್ತೀಯ ಎಂದು ಅಣಕಿಸುತ್ತಿದ್ದಾನೆ! ಪ್ರತಿ ಕುಣಿತಕ್ಕೂ ಹಲಗೆ ಅದುರುವಂತೆ ತಾಳ ಹಾಕುವ ಬೂಟು ಇವತ್ತು ನೆಲಕ್ಕೆ ಅಂಟಿಕೊಂಡಿತ್ತು. ಮಗಳ ಮೇಲಿನ ಸಿಟ್ಟಿಗೆ ತಾಳವನ್ನೂ ಬಿಟ್ಟಿದ್ದ ಮಹಾರಾಯ.

ಎರಡನೆಯ ಹಾರ್ನ್.

ಅವಳು ಅವನ ಕಿವಿಯ ಬಳಿ ಬಗ್ಗಿದಳು. "ಕಾಲೆತ್ತಪ್ಪಾ. ದಮ್ಮಯ್ಯ ಅಂತೀನಿ."

ಅವನ ತುಟಿ ಅಲುಗಿತು. ಮಾತು ಹೊರಡಲಿಲ್ಲ. ಕಣ್ಣು ತುಂಬಿ ಬಂತು.

"ನೀನು ಅಳ್ಬೇಡ. ಅಳೋ ಸರದಿ ನಂದು."

ಮೂರನೆಯ ಹಾರ್ನ್ ಉದ್ದವಾಗಿ ಕೂಗಿತು. ಕಾರಿನ ಸದ್ದು ಇಳಿಜಾರಿನ ದಾರಿಯಲ್ಲಿ ಸಣ್ಣದಾಗುತ್ತಾ ಹೋಗಿ ಕೇಳದಾಯಿತು. ಒರ್ಲೀನಾಳ ಕೈ ಇನ್ನೂ ತಂತಿ ಮೀಟುತ್ತಲೇ ಇತ್ತು.

ಇನ್ನು ಯಾವ ಮರ್ಯಾದೆ, ಯಾವ ಕಟ್ಟಳೆ? ಎಲ್ಲರೆದುರೇ ಗಿಟಾರ್ ಕೆಳಗಿಟ್ಟು ಮಂಡಿಯೂರಿದಳು. ಅಪ್ಪನ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದಳು.

ಕಾಲು ಎದ್ದದ್ದನ್ನು ಕಂಡ ಎಸ್ಟಿಲ್, "ಸದ್ಯ!" ಎಂದು ಕೊನೆಯ ಸುತ್ತು ಬಾರಿಸಿ ನಿಲ್ಲಿಸಿದ. ಜನ ನಗುತ್ತ ಚಪ್ಪಾಳೆ ತಟ್ಟಿ ಬೆಂಚುಗಳ ಮೇಲೆ ಕುಸಿದರು.

ಪಿಟೀಲು ಮಾತ್ರ ನಿಲ್ಲಲಿಲ್ಲ. ಅಪ್ಪನ ಕೈಗಳು ಅವನನ್ನು ಕೇಳದೆಯೇ ಅದೇ ಮಟ್ಟನ್ನು ಮತ್ತೆ ಮೊದಲಿನಿಂದ ಹಿಡಿದವು. ಒರ್ಲೀನಾ ಗಾಬರಿಯಾಗಿ ಹಿಡಿತ ಬಿಟ್ಟಳು.

ಸ್ವಾಧೀನ ತಪ್ಪಿದ ಕಾಲು ಮರಳಿನ ಮೂಟೆಯಂತೆ ಧೊಪ್ಪೆಂದು ಹಲಗೆಗೆ ಬಿತ್ತು. ಅವಳನ್ನು ಕಳಿಸಿಕೊಡಲೆಂದು ಅಪ್ಪ ಮೊದಲನೆಯ ಹಾರ್ನಿಗೂ ಮುಂಚಿನಿಂದ ಅದನ್ನು ಎತ್ತಲು ಹೆಣಗುತ್ತಿದ್ದ.