ಬಾಗಿಲಾಚೆಯ ಲೋಫರ್

ಲೇಸಿಲ್ಲದ, ಮೇಲೆ ಪುಟ್ಟ ಕುಚ್ಚು ತೂಗುವ ಲೋಫರ್ ಶೂ ಹಾಕಿಕೊಂಡು ಹೋದರೆ ಹುಡುಗಿ ಒಪ್ಪಿದಂತೆಯೇ ಎಂದು ನಿರಂಜನ ನಂಬಿದ್ದ. ಅದಕ್ಕೇ ರೂಮ್‌ಮೇಟನ್ನು ಕಾಡಿ ಬೇಡಿ ಅವನ ಜೋಡನ್ನೇ ಹಾಕಿಕೊಂಡು ಬಂದಿದ್ದ. ಆದರೆ ಹೆಣ್ಣು ನೋಡುವ ಮನೆಯಲ್ಲಿ ಅದನ್ನು ಬಾಗಿಲಾಚೆಯೇ ಬಿಡಬೇಕಾಯಿತು. ಬರಿಗಾಲಲ್ಲಿ ಕೂತು ಉಪ್ಪಿಟ್ಟು ತಿನ್ನುವಾಗ ಅವನ ಜೀವವೆಲ್ಲ ಹೊಸ್ತಿಲಾಚೆಗೇ ಇತ್ತು.

ಹೊರಡುವಾಗ ಹುಡುಗಿಯೇ ಬಾಗಿಲವರೆಗೆ ಬಂದಳು. ಅವನು ಬಗ್ಗದೆ, ಸ್ಟೈಲಾಗಿ ಕಾಲು ತೂರಿಸಿದ.

"ಶೂ ಚೆನ್ನಾಗಿದೆ," ಎಂದಳು.

ನಿರಂಜನ ಉಬ್ಬಿಹೋದ. "ನಂಗೆ ಮೊದಲಿಂದ್ಲೂ ಇಂಥದ್ದೇ ಇಷ್ಟ. ಕುಚ್ಚು ಗಮನಿಸಿದ್ರಾ?"

"ಗಮನಿಸ್ದೇ ಏನು! ಎಡಗಾಲಿನ ಕುಚ್ಚನ್ನ ನಮ್ಮ ನಾಯಿ ಕಿತ್ತಾಗ ಹೊಲಿದು ಕೊಟ್ಟಿದ್ದೇ ನಾನು," ಎಂದಳು ಹುಡುಗಿ. "ಆದ್ರೆ ಹೋದ ತಿಂಗಳು ಇದನ್ನ ಹಾಕ್ಕೊಂಡು ಬಂದಿದ್ದ ಗಂಡು ಬೇರೆ."