ಇಳುಂಗ ಸಾರ್

“ಇಳಿದೆ ಸಾರ್!” ಎಂದು ಶಿವರಾಮು ಫೋನಿಗೆ ಕೂಗಿ ಹೇಳಿದ. ಪಿಕಪ್‌ನ ತೆರೆದ ಬಾಗಿಲ ಪಕ್ಕದಲ್ಲಿ, ಪಾದ ಮುಳುಗುವಷ್ಟು ಕೆಸರಿನಲ್ಲಿ ನೆಟ್ಟಗೆ ನಿಂತಿದ್ದ. ಅವನು ಹೀಗೆ ಇಳಿದದ್ದು ಇದು ಎರಡನೆಯ ಸಲ.

ಗಾಡಿ ಹೂತಿದ್ದದ್ದು ಚೆನ್ನೈನ ಮಾಧವರಂನ ಶಾಲೆಯೊಂದರ ಮೈದಾನದಲ್ಲಿ. ನವೆಂಬರಿನ ಮಳೆಗೆ ಮೈದಾನವೆಲ್ಲ ಕಲಸಿದ ಹಿಟ್ಟಾಗಿತ್ತು. ಆರು ಗಂಟೆಗೆ ಕನ್ನಡ ಸಂಘದ ನಾಟಕ. ಕೋಡಂಬಾಕ್ಕಂನಿಂದ ಬಾಡಿಗೆಗೆ ತಂದ ಸಿಂಹಾಸನ ಗಾಡಿಯ ಹಿಂದೆ ಕೂತಿತ್ತು, ವೇದಿಕೆ ಐವತ್ತು ಗಜ ಆಚೆಗಿತ್ತು. ಸಂಘದವರು ಒಬ್ಬರೂ ಬಂದಿರಲಿಲ್ಲ. ಗಾಡಿ ಕೊಟ್ಟ ಗೆಳೆಯ ಗುರುಚರಣ, “ಫೋರ್ ವೀಲ್ ಡ್ರೈವ್ ಕಣಯ್ಯ, ಕೆರೆಗೆ ಬಿಟ್ರೂ ಎದ್ದು ಬರುತ್ತೆ,” ಎಂದಿದ್ದ. ಆದರೆ ತಿರುಗುತ್ತಿದ್ದದ್ದು ಹಿಂದಿನ ಎರಡು ಚಕ್ರ ಮಾತ್ರ. ಮುಂದಿನ ಎರಡು, ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿದ್ದವು. ಹಾಗಾಗಿ ಗುರುಚರಣನ ಮೆಕ್ಯಾನಿಕ್‌ಗೆ ಫೋನು.

“ನ್ಯೂಟ್ರಲ್ಲೆ ಪೋಟ್ಟು ಇಳುಂಗ ಸಾರ್,” ಎನ್ನುತ್ತಿದ್ದ ಆತ, ಸ್ಪೀಕರಿನಲ್ಲಿ.

ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಸರಸ ಪೆರಂಬೂರಿನಲ್ಲೇ ಹುಟ್ಟಿ ಬೆಳೆದ ರೈಲ್ವೆಯವರ ಮಗಳು. ತಮಿಳಿನಲ್ಲಿ ‘ಇಳು’ ಎಂದರೆ ಎಳೆ; ಎಳೆಯಬೇಕಾದದ್ದು ದೊಡ್ಡ ಗೇರಿನ ಪಕ್ಕ, ತನ್ನ ಮೊಣಕಾಲಿಗೆ ತಾಗಿಕೊಂಡೇ ಇರುವ ಗಿಡ್ಡ ಲಿವರನ್ನು. ಇಷ್ಟು ಅವಳಿಗೆ ಮೊದಲ ಸಲವೇ ತಿಳಿದಿತ್ತು. ಮಂಡ್ಯದಿಂದ ಚೆನ್ನೈಗೆ ಬಂದು ಒಂದೂವರೆ ವರ್ಷವಾಗಿದ್ದ ಶಿವರಾಮುವಿಗೆ ಮಾತ್ರ ಅದು ‘ಇಳಿ’ ಎಂದು ಕೇಳಿಸುತ್ತಿತ್ತು. ಪಾಪ, ಹೇಳಿದಾಗಲೆಲ್ಲ ಇಳಿಯುತ್ತಿದ್ದ.

“ನೀವು ಇಳಿದ್ರೆ ಮುಂದಿನ ಚಕ್ರ ತಿರುಗುತ್ತಾ ರೀ?” ಎಂದು ಸರಸ ಮುಗ್ಧಳಂತೆ ಕೇಳಿದಳು.

“ಈಗಿನ ಗಾಡಿಗೆಲ್ಲ ಸೆನ್ಸರ್ ಇರುತ್ತೆ ಕಣೇ. ಡ್ರೈವರ್ ಭಾರ ತೆಗೆದ್ರೆ ರೀಸೆಟ್ ಆಗುತ್ತೆ. ನೀನು ಸುಮ್ನಿರು, ತಮಿಳು ನನಗೆ ಬಿಡು. ಮುಕ್ಕಾಲು ಪಾಲು ಕನ್ನಡಾನೇ ಅದು.”

ಸುಮ್ಮನಿರುವುದು ಸರಸಳಿಗೆ ನಿನ್ನೆಯಿಂದ ಬಂದ ಪಾಡು. ನಾಟಕಕ್ಕೆ ಶಿವರಾಮುವೇ ನಿರ್ದೇಶಕ, ಅವನೇ ರಾಜ. ಅವಳು ದಾಸಿ. ಇದ್ದದ್ದು ಒಂದೇ ಸಾಲು: ‘ಪ್ರಭು, ಅತಿಥಿಗಳು ಬಂದಿದ್ದಾರೆ.’ ಒಂದು ತಿಂಗಳು ಸಾರು ಕುದಿಸುತ್ತಾ, ಬಟ್ಟೆ ಮಡಿಸುತ್ತಾ ಅದನ್ನೇ ಹೇಳಿಕೊಂಡಿದ್ದಳು. ನಿನ್ನೆ ಅವನು, “‘ಅದಿದಿಗಳು’ ಅಂತೀಯ, ಜನ ನಗ್ತಾರೆ. ಚಾಮರ ಬೀಸ್ಕೊಂಡು ನಿಂತ್ಕೋ, ಸಾಕು,” ಎಂದು ಆ ಸಾಲನ್ನೂ ಹೊಡೆದು ಹಾಕಿದ್ದ. ಅಪ್ಪ ಅಮ್ಮನ ಜೊತೆ ಆಡಿ ಬೆಳೆದ ಮಾತು ಕನ್ನಡವೇ ಅಲ್ಲ ಎಂದುಬಿಟ್ಟ ಹಾಗಾಗಿತ್ತು ಸರಸಳಿಗೆ. ಬಚ್ಚಲಿಗೆ ಹೋಗಿ ಅತ್ತು ಬಂದಿದ್ದಳು.

“ಇಳುತ್ತೀಂಗಳಾ ಸಾರ್?” ಎಂದು ಫೋನು ಮತ್ತೆ ಕೇಳಿತು.

“ಇಳಿದೆ, ಇಳಿದೆ!”

“ಅಪ್ಪೋ ಬಲಮಾ ಇಳುಂಗ! ಫುಲ್ ಫೋರ್ಸ್!”

ಬಲವಾಗಿ ಇಳಿಯುವುದು ಹೇಗೆಂದು ಶಿವರಾಮು ಸ್ವಲ್ಪ ಯೋಚಿಸಿದ. ಮತ್ತೆ ಗಾಡಿ ಹತ್ತಿ, ಪಂಚೆ ಎತ್ತಿ ಕಟ್ಟಿ, ಎರಡೂ ಕಾಲು ಜೋಡಿಸಿ ಧೊಪ್ಪನೆ ಹಾರಿದ. ಕೆಸರು ಮೂಗಿನವರೆಗೆ ಸಿಡಿಯಿತು. ಹತ್ತಿ ಆಕ್ಸಿಲರೇಟರ್ ತುಳಿದು ನೋಡಿದ. ಹಿಂದಿನ ಚಕ್ರಗಳು ಇನ್ನೂ ನಾಲ್ಕು ಬೆರಳು ಹೂತವು. “ಎರಡು ಕಾಲೂ ಒಟ್ಟಿಗೆ ಬೀಳಲಿಲ್ಲವೇನೋ,” ಎಂದು ಗೊಣಗಿಕೊಂಡು ಮತ್ತೆ ಹಾರಿ ನಾಲ್ಕನೆಯ ಸಲ ಇಳಿದ.

ಸರಸ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ತಡೆಯಲಾಗಲಿಲ್ಲ.

“ಏನೇ? ನಿನಗೇನಾದ್ರೂ ಅರ್ಥ ಆಯ್ತಾ?”

“ಆಮಾ. ಮೊದಲ್ನೇ ಸಲಾನೇ ಆಯ್ತು.”

“ಮತ್ತೆ ಬಾಯಿ ಬಿಟ್ಟು ಹೇಳಬಾರದಾ?”

“ಹೆಂಗೆ ಹೇಳ್ಲಿ ರೀ? ನನಗೆ ಮಾತೇ ಇಲ್ಲವಲ್ಲ. ನಿನ್ನೆ ನೀವೇ ತೆಗೆದ್ರಲ್ಲ.”

ಶಿವರಾಮು ಮುಖ ಒರೆಸಿಕೊಂಡ. ಒರೆಸಿದ ಕೈಯಲ್ಲೂ ಕೆಸರಿತ್ತು. ವೇದಿಕೆಯ ಮೇಲಿದ್ದ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದ. ಗಾಡಿಯ ಹಿಂದಿದ್ದ ಸಿಂಹಾಸನವನ್ನು ನೋಡಿದ. ಕೊನೆಗೆ ಹೆಂಡತಿಯನ್ನು ನೋಡಿದ.

“ಆಯ್ತು, ಆ ಸಾಲು ನಿನಗೇ. ಮಾತು ಕೊಟ್ಟೆ.”

“ಮೊದಲ್ನೇ ಸಲ ಇಳಿದಾಗಲೇ ಕೊಟ್ಟಿದ್ರೆ ಒಂದು ಮಾತು ಸಾಕಿತ್ತು. ಈಗ ನಾಲ್ಕು ಸಲ ಇಳಿದಿದೀರ. ನಾಲ್ಕು ಮಾತು ಕೊಡಿ. ನಾನೇ ಬರೀತೀನಿ.”

“ಕೊಟ್ಟೆ ಕಣೇ ತಾಯೀ, ಕೊಟ್ಟೆ!”

“ಹಂಗಂದ್ರೆ ಹತ್ತಿ ಕೂತ್ಕೊಳ್ಳಿ. ಕ್ಲಚ್ ತುಳಿದು ನ್ಯೂಟ್ರಲ್‌ಗೆ ಹಾಕಿ.”

ಸರಸ ಎರಡೂ ಕೈಯಲ್ಲಿ ಗಿಡ್ಡ ಲಿವರನ್ನು ಹಿಡಿದು ಜಗ್ಗಿ ಎಳೆದಳು. ಕಟಕ್ ಎಂದಿತು. ಮೀಟರಿನ ಪಕ್ಕ ಹಸಿರು ದೀಪ ಹತ್ತಿತು. ಶಿವರಾಮು ಗೇರು ಹಾಕಿದ್ದೇ ಮುಂದಿನ ಚಕ್ರಗಳಿಗೆ ಜೀವ ಬಂದು, ಗಾಡಿ ಓಲಾಡುತ್ತಾ ಮೇಲೆದ್ದು, ನೇರ ವೇದಿಕೆಯ ಪಕ್ಕಕ್ಕೆ ಹೋಗಿ ನಿಂತಿತು.

“ಸೂಪರಾ ಇಳುತ್ತೀಂಗ ಸಾರ್!” ಎಂದು ಫೋನಿನೊಳಗಿನಿಂದ ಶಿವರಾಮುವಿಗೆ ಶಹಭಾಸ್ ಸಿಕ್ಕಿತು.

ಸರಸ ಇಳಿಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ನಾಟಕದ ಪ್ರತಿಯನ್ನು ತೊಡೆಯ ಮೇಲೆ ಹರಡಿಕೊಂಡು, ಗಂಡನ ಜೇಬಿನಿಂದ ಪೆನ್ನು ತೆಗೆದು, ಅಂಚಿನ ಬಿಳಿ ಜಾಗದಲ್ಲಿ ಒಂದೇ ಉಸಿರಿಗೆ ನಾಲ್ಕು ಸಾಲು ಬರೆದಳು. ಶಿವರಾಮು ಇಣುಕಿ ನೋಡಿದ. ಹಾಳೆಯನ್ನು ಓರೆ ಮಾಡಿ ನೋಡಿದ. ಮಾತು ಕನ್ನಡದ್ದೇ, ಅಕ್ಷರವೆಲ್ಲ ತಮಿಳು. ಕನ್ನಡ ಬರೆಯುವುದನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

“ಇದೇನೇ ಬರೆದಿದೀಯ?”

“ಓದಿ. ತಪ್ಪಿದ್ರೆ ತಿದ್ದಿ,” ಎಂದು ಸರಸ ಪೆನ್ನನ್ನು ಅವನ ಕೈಗೆ ಕೊಟ್ಟಳು.