ಮೊದಲ ಹಾರ

ಆಯಿಯೂ ಇರಲಿಲ್ಲ, ಹಾರವೂ ಇರಲಿಲ್ಲ. ಭರಮು ಹಿತ್ತಲಿಗೆ ಓಡಿದ. ಅಲ್ಲೂ ಇಲ್ಲ. ಅನಂತಪುರದ ಚೌಕಿನಲ್ಲಿ ಬ್ಯಾಂಡಿನವರು ಆಗಲೇ ಬಂದಿದ್ದರು. ಪುತ್ಥಳಿಯ ಪರದೆ ಸರಿಯುವುದೊಂದೇ ಬಾಕಿ. ಹುತಾತ್ಮ ಅಜ್ಜ ಬೀರದೇವನಿಗೆ ಮೊದಲ ಹಾರ ಹಾಕಬೇಕಾದ ಹೆಂಡತಿ, ಆಯಿಯೇ ನಾಪತ್ತೆ! ಮದುಮಗಳಿಲ್ಲದ ಮದುವೆ ಎಂದು ಊರು ನಗದೆ ಬಿಡುತ್ತದೆಯೇ?

ಈ ಪುತ್ಥಳಿಗಾಗಿ ಭರಮು ಚಪ್ಪಲಿ ಸವೆಸಿದ್ದ. ಕುರಿ ಕಾಯುವ ಅವನ ಮನೆತನವನ್ನು ಊರವರು ಇಂದಿಗೂ ‘ಎಲ್ಲಿಂದಲೋ ಬಂದವರು’ ಎನ್ನುತ್ತಿದ್ದರು. ಚೀನಾ ಯುದ್ಧದ ಹಿಮದಲ್ಲಿ ಕಾಣೆಯಾದ ಅಜ್ಜನೊಬ್ಬನೇ ಆ ಮಾತಿಗೆ ಉತ್ತರ. ಇವತ್ತು ಕೆಟ್ಟರೆ ಮಾನ ಮಣ್ಣುಪಾಲು.

ಆಯಿ ಸಕ್ಕುಬಾಯಿಯ ದಾರಿಯೇ ಬೇರೆ. ಗಂಡ ಸತ್ತನೆಂದು ತಂತಿ ಬಂದ ಮರುವರ್ಷ ಅವನ ಊರು ಬಿಟ್ಟು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಕುರಿಗಳ ಜೊತೆ ಇಲ್ಲಿಗೆ ಬಂದವಳು. ಪಿಂಚಣಿ ಮುಟ್ಟಲಿಲ್ಲ. ಕುಂಕುಮ ಅಳಿಸಲಿಲ್ಲ. ಯಾರಾದರೂ ಆಡಿಕೊಂಡರೆ, “ಹೆಣ ಕಂಡಿಲ್ಲ, ಬಳಿ ಯಾಕ ಒಡೀಲಿ?” ಎನ್ನುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಒಮ್ಮೆಲೇ ಹಸಿರು ಬಳೆ ಒಡೆದುಕೊಂಡಾಗ, ಕಾದು ಕಾದು ಸೋತಳೆಂದು ಮನೆಯವರೆಲ್ಲ ಮರುಗಿದ್ದರು. ಆ ನಿಷ್ಠೆಯನ್ನು ಭರಮು ಇವತ್ತಿನ ಭಾಷಣದಲ್ಲಿ ಸೇರಿಸಿದ್ದ.

ನಿನ್ನೆ ಪುತ್ಥಳಿ ತೋರಿಸಿದಾಗಲೂ ಅವಳದು ಒಗಟಿನಂಥ ಮಾತೇ.

“ಮಾರಿ ಅವನ ಹಂಗ ಐತಿ. ಬೂಟ ಹಾಕಬಾರದಿತ್ತು.”

“ಸಿಪಾಯಿಗೆ ಬೂಟ ಬ್ಯಾಡೇನ ಆಯಿ?”

“ಕಚ್ಚತಾವ ಅವು.”

ಭರಮು ಹಿತ್ತಲಿಂದ ತಿರುಗುವಷ್ಟರಲ್ಲಿ ಅವನ ಹೆಂಡತಿ ರಾಜೇಶ್ವರಿ ಏದುಸಿರು ಬಿಡುತ್ತ ಬಂದಳು. “ಆಯಿ ದೊಡ್ಡಿ ಕಡೆ ಹೋಗ್ಯಾರಂತ್ರಿ. ಹಾರ ಸೆರಗಿನ್ಯಾಗ ಐತಂತ.”

ಭರಮು ಬೈಕು ಹತ್ತಿದ. ಊರಾಚೆ ಕುರಿದೊಡ್ಡಿ. ಅದರ ಪಕ್ಕದ ಬೇವಿನ ಕೆಳಗೆ ಆಳು ಮಾಳಸಿದ್ದನ ಸಮಾಧಿ. ಪಾಪದ ಮುದುಕ. ಎಡಗಾಲಿಗೆ ಬೆರಳೇ ಇರಲಿಲ್ಲ. ಹುಡುಗರು ಕೇಳಿದರೆ ನಾಯಿ ತಿಂದಿತು ಎಂದು ನಗಿಸುತ್ತಿದ್ದ. ದೀಪಾವಳಿಯ ಪಟಾಕಿಗೆ ಮಾತ್ರ ಕುರಿಗಳ ನಡುವೆ ಬೋರಲು ಬಿದ್ದುಬಿಡುತ್ತಿದ್ದ. ಜೀವಮಾನವಿಡೀ ದೊಡ್ಡಿ ಬಿಟ್ಟು ಊರೊಳಗೆ ಮಲಗಿದವನಲ್ಲ. ಅವನಿದ್ದಷ್ಟು ದಿನ ರೊಟ್ಟಿಬುತ್ತಿ ಹೊತ್ತು ಬರುತ್ತಿದ್ದವಳು ಆಯಿಯೇ. ಭರಮು ಅವನ ಹೆಗಲ ಮೇಲೆ ಕೂತೇ ಬೆಳೆದವನು.

ಆಯಿ ಸಮಾಧಿಯ ಮುಂದೆ ಕೂತಿದ್ದಳು. ಚೆಂಡುಹೂವಿನ ಹಾರ ಕಲ್ಲಿನ ಮೇಲಿತ್ತು.

ಭರಮುವಿಗೆ ತಲೆ ಕೆಟ್ಟಿತು. “ಅಲ್ಲಿ ಊರಿಗೂರ ಕಾಯಾಕತ್ತೈತಿ! ಅಜ್ಜನ ಹಾರ ತಂದು ಆಳಿನ ಸಮಾಧಿಗೆ ಹಾಕೀಯಲ್ಲ, ಆಯಿ!”

ಆಯಿ ಅವನ ಕೈ ಹಿಡಿದು ಎದ್ದಳು. ಸೀರೆಯ ಮಣ್ಣು ಝಾಡಿಸಿದಳು.

“ಮೊದಲನೇ ಹಾರ ಹೇಣ್ತಿ ಹಾಕಬೇಕಂತ ನೀನ ಅಂದಿಯಲ್ಲೋ. ಹಾಕೀನಿ. ನಡಿ, ಬೂಟಿನವಗ ಇನ್ನೊಂದ ತರೂಣು.”

ತನ್ನ ಕೈಯೊಳಗಿದ್ದ ಅವಳ ಬೋಳು ಮುಂಗೈಯನ್ನು ಭರಮು ನೋಡಿದ: ಆ ಹಸಿರು ಬಳೆಗಳು ಒಡೆದದ್ದು ಮಾಳಸಿದ್ದನನ್ನು ಮಣ್ಣು ಮಾಡಿದ ದಿನ.